ವಾಟರ್ ಪಾರ್ಕ್ ಟಿಕೆಟ್ಟಿನ ಲೆಕ್ಕ: ವಾರದ ದಿನದ ರಿಯಾಯಿತಿ ಯಾರಿಗೆ?

ಏಪ್ರಿಲ್ ಮೊದಲ ವಾರ ಅಕ್ಕ ಫೋನ್ ಮಾಡಿದಳು. "ಚೀಟಿ ದುಡ್ಡು ಬಂದೈತೆ ಕಣೋ. ಎಂಟು ಸಾವಿರ. ಈ ರಜೇಲಿ ಮಕ್ಕಳನ್ನ ವಾಟರ್ ಪಾರ್ಕಿಗೆ ಕರ್ಕೊಂಡು ಹೋಗೋದೇ. ನೀನು ಇಂಜಿನಿಯರ್ ಅಲ್ವಾ, ಲೆಕ್ಕ ಹಾಕಿ ಹೇಳು."

ನಾನು ಇಂಜಿನಿಯರಿಂಗ್ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದು ವರ್ಷಗಳೇ ಆದವು. ಮನೆಯವರ ಪಾಲಿಗೆ ಮಾತ್ರ ಇನ್ನೂ ಇಂಜಿನಿಯರೇ. ಅಕ್ಕ ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಬಾವ ಲಗೇಜ್ ಆಟೋ ಓಡಿಸ್ತಾರೆ. ಮಗನಿಗೆ ಹನ್ನೊಂದು, ಮಗಳಿಗೆ ಏಳು. ಜೊತೆಗೆ ಅಮ್ಮ. "ಉಳಿದಿದ್ದು ನಾನು ಹಾಕ್ತೀನಿ ಬಿಡು" ಅಂದೆ. "ನಿನ್ನ ಟಿಕೆಟ್ ನೀನು ತಗೋ. ನನ್ನ ಮಕ್ಕಳನ್ನ ನಾನೇ ಕರ್ಕೊಂಡು ಹೋಗ್ತೀನಿ" ಅಂದಳು. ಅಲ್ಲಿಗೆ ಬಜೆಟ್ ಫಿಕ್ಸ್: ಐದು ಜನ, ಒಂದು ದಿನ, 8,000 ರೂಪಾಯಿ.

ಕಡಿಮೆ ದುಡ್ಡಲ್ಲಿ ಪಾರ್ಕಿಗೆ ಹೋಗಿ ಬರೋದು ಹೇಗೆ ಅಂತ ಸಲಹೆ ಕೊಡುವ ವಿಡಿಯೋಗಳು ಸಾಕಷ್ಟಿವೆ. ಎಲ್ಲದರಲ್ಲೂ ಮೊದಲನೇ ಸಲಹೆ ಒಂದೇ: ಶನಿವಾರ ಭಾನುವಾರ ಬಿಡಿ, ವಾರದ ಮಧ್ಯೆ ಹೋಗಿ, ಟಿಕೆಟ್ ಅಗ್ಗ. ನಾನೂ ಎಕ್ಸೆಲ್ ತೆರೆದು ಅಲ್ಲಿಂದಲೇ ಶುರು ಮಾಡಿದೆ.

ಅಗ್ಗದ ದಿನ ದುಬಾರಿಯಾಗಿದ್ದು

ನಾವು ಆರಿಸಿದ ಪಾರ್ಕಿನಲ್ಲಿ ಭಾನುವಾರ ದೊಡ್ಡವರಿಗೆ 1,500, ಮಕ್ಕಳಿಗೆ 1,200, ಹಿರಿಯ ನಾಗರಿಕರಿಗೆ 1,125. ಅಕ್ಕ, ಬಾವ, ಇಬ್ಬರು ಮಕ್ಕಳು, ಅಮ್ಮ ಸೇರಿ 6,525 ರೂಪಾಯಿ. ವಾರದ ದಿನ ಇದೇ ಟಿಕೆಟ್‌ಗಳು 1,200, 960, 900. ಒಟ್ಟು 5,220. ಉಳಿತಾಯ 1,305. ಖುಷಿಯಿಂದ ಅಕ್ಕನಿಗೆ ಹೇಳಿದೆ.

"ಬುಧವಾರ ಹೋದ್ರೆ ನನ್ನ ಒಂದು ದಿನದ ಸಂಬಳ?" ಅಂತ ಕೇಳಿದಳು.

ಆ ಕಾಲಮ್ ನನ್ನ ಎಕ್ಸೆಲ್‌ನಲ್ಲಿ ಇರಲೇ ಇಲ್ಲ. ಹಾಕಿದೆ. ಅಕ್ಕನ ಒಂದು ದಿನದ ಕೂಲಿ 480. ಆ ತಿಂಗಳ ಹಾಜರಾತಿ ಬೋನಸ್ 300, ಒಂದು ದಿನ ತಪ್ಪಿಸಿದರೂ ಹೋಯ್ತು. ಬಾವನ ದಿನದ ದುಡಿಮೆ, ಡೀಸೆಲ್ ಕಳೆದು, ಸುಮಾರು 800. ಒಟ್ಟು 1,580. ಅಂದರೆ 1,305 ಉಳಿಸಲು 1,580 ಕಳೆದುಕೊಳ್ಳಬೇಕು. "ಅಗ್ಗದ" ಬುಧವಾರ ನಮ್ಮಕ್ಕನಿಗೆ ಭಾನುವಾರಕ್ಕಿಂತ 275 ರೂಪಾಯಿ ದುಬಾರಿ!

ಇದೇ ಬುಧವಾರ ನನಗೆ ನಿಜವಾಗಿಯೂ ಅಗ್ಗ. ಯಾಕಂದ್ರೆ ನನಗೆ ಸಂಬಳ ಸಹಿತ ರಜೆ ಇದೆ. ವಾರದ ದಿನದ ರಿಯಾಯಿತಿ ಸಿಗೋದು ವಾರದ ದಿನವನ್ನು ಬಿಡುವು ಮಾಡಿಕೊಳ್ಳಲು ಸಾಧ್ಯ ಇರುವವರಿಗೆ. ದಿನಗೂಲಿಯವರು, ಪೀಸ್ ರೇಟಿನವರು, ಡೆಲಿವರಿ ಹುಡುಗರು ಭಾನುವಾರದ ರೇಟೇ ಕೊಡಬೇಕು.

ಹಾಗಾದರೆ ಅಕ್ಕನಿಗೆ ರಜೆಯೇ ಇಲ್ವಾ? ಕಾನೂನಿನಲ್ಲಿ ಇದೆ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ವರ್ಷದಲ್ಲಿ 240 ದಿನ ದುಡಿದವರಿಗೆ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳ ಸಹಿತ ರಜೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಆ 240ನ್ನು 180ಕ್ಕೆ ಇಳಿಸಿದೆ. ಕಾಗದದಲ್ಲಿ ಒಳ್ಳೆಯದೇ. ಆದರೆ ಆ ರಜೆ ಹೋಗೋದು ಮಗಳ ಜ್ವರಕ್ಕೆ, ಊರಿನ ಸಾವಿಗೆ, ರೇಷನ್ ಕಾರ್ಡ್ ತಿದ್ದುಪಡಿಗೆ. ಅಕ್ಕನ ಭಾಷೆಯಲ್ಲಿ "ರಜೆ ಹಾಕೋದು" ಅಂದ್ರೆ ಮನೇಲಿ ಏನೋ ತೊಂದರೆ ಆಗಿದೆ ಅಂತ ಅರ್ಥ. ಬಾವನ ಪಾಲಿಗೆ ಕಾಗದದಲ್ಲೂ ರಜೆ ಇಲ್ಲ.

ನೋಡೋಕೂ ದುಡ್ಡು

ಭಾನುವಾರವೇ ಅಂತ ತೀರ್ಮಾನ ಆಯ್ತು. ಮುಂಗಡ ಆನ್‌ಲೈನ್ ಬುಕಿಂಗ್‌ಗೆ ಶೇ. 10 ರಿಯಾಯಿತಿ ಇತ್ತು. 6,525 ಇದ್ದದ್ದು 5,873ಕ್ಕೆ ಇಳಿಯಿತು. ಇನ್ನೂ ಕಡಿಮೆ ಮಾಡುವ ದಾರಿ ಹುಡುಕಿದರೆ ಎಕ್ಸೆಲ್ ಒಂದೇ ಉತ್ತರ ಹೇಳುತ್ತಿತ್ತು: ಅಮ್ಮನನ್ನು ಬಿಡು. ಅಮ್ಮ ಯಾವ ರೈಡಿಗೂ ಹತ್ತೋದಿಲ್ಲ, ನೀರಿಗೆ ಇಳಿಯೋದಿಲ್ಲ, ಸುಮಾರು ಸಾವಿರ ರೂಪಾಯಿ ಉಳಿಯುತ್ತೆ. ಬಾಯಿಬಿಟ್ಟು ಹೇಳಿಯೂ ಬಿಟ್ಟೆ. "ನಾನು ಮನೇಲೇ ಇರ್ತೀನಿ, ನನಗ್ಯಾಕೆ ಅವೆಲ್ಲ" ಅಂದರು ಅಮ್ಮ, ಕಾಯುತ್ತಿದ್ದವರಂತೆ. ಅಕ್ಕ ನನ್ನ ಮುಖವನ್ನೊಮ್ಮೆ ನೋಡಿದಳು, ಅಷ್ಟೇ. ಬಡವರ ಮನೆಯ ಯಾವ ಬಜೆಟ್‌ನಲ್ಲೂ ಮೊದಲು ಕಡಿತವಾಗುವ ಹೆಸರು ಯಾರದ್ದು ಅಂತ ನಾನೇ ಲೇಖನಗಳಲ್ಲಿ ಬರೆದಿದ್ದೆ. ನನ್ನ ಎಕ್ಸೆಲ್ ಕೂಡ ಅದನ್ನೇ ಮಾಡಿತ್ತು.

ಏನನ್ನೂ ಹತ್ತದವರು ಯಾಕೆ ಅಷ್ಟು ದುಡ್ಡು ಕೊಡಬೇಕು? ಇದಕ್ಕೆ ಒಂದು ಇತಿಹಾಸ ಇದೆ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಶುರುವಾದಾಗ ಪ್ರವೇಶ ಶುಲ್ಕ ಬೇರೆ, ಆಟದ ಟಿಕೆಟ್ ಬೇರೆ ಇತ್ತು. ಎ, ಬಿ, ಸಿ ಅಂತ ದರ್ಜೆಯ ಟಿಕೆಟ್ ಪುಸ್ತಕಗಳು. ದೊಡ್ಡ ಆಟಗಳಿಗೆ 1959ರಲ್ಲಿ 'ಇ' ಟಿಕೆಟ್ ಬಂತು. 1971ರಲ್ಲಿ ವಾಲ್ಟರ್ ಓಯ್ ಎಂಬ ಅರ್ಥಶಾಸ್ತ್ರಜ್ಞ ಇದೇ ಡಿಸ್ನಿಲ್ಯಾಂಡ್ ಉದಾಹರಣೆ ಇಟ್ಟುಕೊಂಡು ಒಂದು ಪ್ರಸಿದ್ಧ ಪ್ರಬಂಧ ಬರೆದರು. ಒಳಗೆ ಬರೋಕೆ ಎಷ್ಟು ವಸೂಲಿ ಮಾಡಬೇಕು, ಪ್ರತಿ ಆಟಕ್ಕೆ ಎಷ್ಟು ಅನ್ನೋದೇ ಅದರ ಪ್ರಶ್ನೆ. ಪಾರ್ಕಿನ ಖರ್ಚಿನಲ್ಲಿ ಬಹುಪಾಲು ಭೂಮಿ, ಯಂತ್ರ, ಸಿಬ್ಬಂದಿ, ನಿರ್ವಹಣೆ. ಒಬ್ಬರು ಹೆಚ್ಚಿಗೆ ಕೂತು ಒಂದು ಸುತ್ತು ಹೊಡೆದರೆ ಹೆಚ್ಚುವರಿ ಖರ್ಚು ಸೊನ್ನೆಗೆ ಹತ್ತಿರ. ಹಾಗಾಗಿ ಆಟ ಉಚಿತ ಮಾಡಿ, ಗೇಟಿನಲ್ಲೇ ಪೂರ್ತಿ ವಸೂಲಿ ಮಾಡೋದು ವ್ಯಾಪಾರಕ್ಕೆ ಲಾಭ. 1982ರಲ್ಲಿ ಡಿಸ್ನಿಲ್ಯಾಂಡ್ ಟಿಕೆಟ್ ಪುಸ್ತಕ ಕೈಬಿಟ್ಟು ಒಂದೇ ಟಿಕೆಟ್ ಮಾಡಿತು. ನಮ್ಮ ದೊಡ್ಡ ಪಾರ್ಕುಗಳೂ ನಡೆಯೋದು ಹೀಗೇ.

ನಮ್ಮ ಜಾತ್ರೆ ಇದಕ್ಕೆ ಉಲ್ಟಾ. ಒಳಗೆ ಬರೋಕೆ ಕಾಸಿಲ್ಲ, ತೊಟ್ಟಿಲು ಹತ್ತಿದರೆ ಕಾಸು. ಒಂದೇ ಸುತ್ತು ಹತ್ತುವ ಮಗುವೂ ಬರಬಹುದು, ಸುಮ್ಮನೆ ನೋಡುವ ಅಜ್ಜಿಯೂ ಬರಬಹುದು. ಪಾರ್ಕಿನ ಬೆಂಚಿನ ಮೇಲೆ ಕೂತ ಅಮ್ಮ ಇದನ್ನು ಯಾವ ಪ್ರಬಂಧವನ್ನೂ ಓದದೆ ಹೇಳಿದರು: "ಜಾತ್ರೇಲಿ ನೋಡೋಕೆ ಯಾರೂ ದುಡ್ಡು ಕೇಳ್ತಿರಲಿಲ್ಲ."

ಟಿಕೆಟ್ಟಿನಲ್ಲಿ ಇನ್ನೊಬ್ಬರಿಗೂ ಪಾಲಿದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಇಂಥ ಪಾರ್ಕುಗಳ ಪ್ರವೇಶಕ್ಕೆ ಶೇ. 28 ತೆರಿಗೆ ಇತ್ತು. 2018ರ ಜನವರಿ 25ರಿಂದ ಶೇ. 18 ಆಯಿತು. ಅಕ್ಕನ 5,873 ರೂಪಾಯಿಯಲ್ಲಿ ಶೇ. 18ರ ಲೆಕ್ಕಕ್ಕೆ ತೆರಿಗೆಯೇ ಸುಮಾರು 896. ಆ ದಿನ ಐದು ಜನ ಒಳಗೆ ತಿಂದ ಊಟ, ಐಸ್‌ಕ್ರೀಂ ಎರಡರ ಖರ್ಚು ಸೇರಿ 800.

ಉಳಿದ 2,127 ರೂಪಾಯಿ

ಇನ್ನು ಉಳಿದ ದುಡ್ಡಲ್ಲಿ ದಿನ ಮುಗಿಸಿದ್ದು ಹೇಗೆ ಅಂತ ಹೇಳ್ತೀನಿ. ಇದು ನಿಮಗೂ ಉಪಯೋಗ ಆಗಬಹುದು.

ಬಸ್ಸು: "ನಮ್ಮ ಆಟೋದಲ್ಲೇ ಹೋಗೋಣ" ಅಂದರು ಬಾವ. ಲಗೇಜ್ ಆಟೋದಲ್ಲಿ ಜನ ಕೂರಿಸೋದು ಕಾನೂನುಬಾಹಿರ, ಅಪಾಯ ಕೂಡ. ಸಾಮಾನ್ಯ ಬಸ್ಸೇ ಹಿಡಿದೆವು. 2023ರ ಜೂನ್ 11ರಿಂದ ಇರುವ ಶಕ್ತಿ ಯೋಜನೆಯಲ್ಲಿ ಅಕ್ಕ, ಅಮ್ಮ, ಮಗಳಿಗೆ ಉಚಿತ. ಬಾವನಿಗೆ ಪೂರ್ತಿ, ಮಗನಿಗೆ ಅರ್ಧ ಟಿಕೆಟ್. ಹೋಗಿ ಬರೋಕೆ 180. ಶಕ್ತಿ ಇಲ್ಲದಿದ್ದರೆ 480 ಆಗ್ತಿತ್ತು. ಎಸಿ, ಐಷಾರಾಮಿ ಬಸ್ಸುಗಳಲ್ಲಿ ಇದು ನಡೆಯಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಮರೆಯಬೇಡಿ. "ಬಿಟ್ಟಿ ಭಾಗ್ಯದಿಂದ ಹೆಂಗಸರು ಟೂರ್ ಹೊಡೀತಾರೆ" ಅಂತ ಆಡಿಕೊಳ್ಳುವವರಿಗೆ ನನ್ನದೊಂದೇ ಪ್ರಶ್ನೆ: ಹೊಡೆದರೆ ತಪ್ಪೇನು?

ಬಟ್ಟೆ: ನೀರಿಗೆ ಹತ್ತಿ ಬಟ್ಟೆ, ಸೀರೆ, ಜೀನ್ಸ್ ಬಿಡೋದಿಲ್ಲ. ಗೇಟಿನೊಳಗೆ ಕೊಂಡರೆ ಜೇಬಿಗೆ ಕತ್ತರಿ. ಹಿಂದಿನ ವಾರವೇ ಪೇಟೆಯಲ್ಲಿ ನಾಲ್ಕು ಜೊತೆ ನೈಲಾನ್ ಬಟ್ಟೆ ತಗೊಂಡೆವು, 900. ಅಕ್ಕ ಟೈಲರ್ ಆದ್ದರಿಂದ ಸೈಜು ತಾನೇ ಸರಿ ಮಾಡಿಕೊಂಡಳು.

ಊಟ: ಹೊರಗಿನ ತಿಂಡಿ ಬಿಡೋದಿಲ್ಲ. ಸಿನಿಮಾ ಮಂದಿರಗಳ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರ ಜನವರಿ 3ರಂದು, ಹೊರಗಿನ ತಿಂಡಿ ತಡೆಯುವ ಹಕ್ಕು ಮಾಲೀಕರಿಗಿದೆ, ಆದರೆ ಶುದ್ಧ ಕುಡಿಯುವ ನೀರು ಉಚಿತವಾಗಿ ಕೊಡಬೇಕು ಎಂದಿತು. ಅದು ಪಾರ್ಕುಗಳ ಬಗ್ಗೆ ಕೊಟ್ಟ ತೀರ್ಪಲ್ಲ, ಆದರೂ ವ್ಯಾಪಾರಿಗಳ ವಾದ ಎಲ್ಲ ಕಡೆ ಅದೇ. ನಾವು ಚಿತ್ರಾನ್ನದ ಡಬ್ಬಿಯನ್ನು ಗೇಟಿನ ಹೊರಗೇ ಮರದ ಕೆಳಗೆ ಖಾಲಿ ಮಾಡಿದೆವು. ಖಾಲಿ ಬಾಟಲಿ ಒಳಗೆ ಒಯ್ದು ನಲ್ಲಿಯಲ್ಲಿ ತುಂಬಿಸಿಕೊಂಡೆವು. ಮಧ್ಯಾಹ್ನ ಮೂರು ಊಟ ಐದು ಜನಕ್ಕೆ, 600. ಐಸ್‌ಕ್ರೀಂ 200.

ಲಾಕರ್: ಸೊನ್ನೆ. ಬ್ಯಾಗುಗಳನ್ನು ಕಾದವರು ಅಮ್ಮ. ಎಕ್ಸೆಲ್‌ನಲ್ಲಿ ಅಮ್ಮನ ಹೆಸರಿನ ಮುಂದೆ ಖರ್ಚು ಮಾತ್ರ ಇತ್ತು, ದುಡಿಮೆಯ ಕಾಲಮ್ ಇರಲಿಲ್ಲ.

ಒಟ್ಟು ಖರ್ಚು 7,753. ಉಳಿದಿದ್ದು 247.

ಸಾಲಿನಲ್ಲೂ ಎರಡು ಜಾತಿ

ಒಳಗೆ ಹೋದ ಮೇಲೆ ಬಡವರ ಹತ್ತಿರ ಇರುವ ಏಕೈಕ ಬಂಡವಾಳ ಸಮಯ. ಅದನ್ನೂ ಕೊಳ್ಳುವ ವ್ಯವಸ್ಥೆ ಇದೆ. ಹೆಚ್ಚಿಗೆ ದುಡ್ಡು ಕೊಟ್ಟರೆ ಸಾಲು ತಪ್ಪಿಸಿ ನೇರ ಹತ್ತುವ ಟಿಕೆಟ್ ಸಿಗುತ್ತೆ. ಇದರಿಂದ ಉಳಿದವರಿಗೆ ಏನೂ ನಷ್ಟ ಇಲ್ಲ ಅಂತ ಅನ್ನಿಸಬಹುದು. ಕಾಲೇಜಿನಲ್ಲಿ ಕಲಿತ ಲೆಕ್ಕ ಇಲ್ಲಿ ಉಪಯೋಗಕ್ಕೆ ಬಂತು.

ಒಂದು ರೈಡಿನಲ್ಲಿ 24 ಸೀಟು, ಒಂದು ಸುತ್ತಿಗೆ 4 ನಿಮಿಷ ಅಂತ ಇಟ್ಕೊಳ್ಳಿ. ಗಂಟೆಗೆ 15 ಸುತ್ತು, 360 ಜನ. ನಿಮ್ಮ ಮುಂದೆ 360 ಜನ ಇದ್ದರೆ ಕಾಯೋದು ಒಂದು ಗಂಟೆ. ಈಗ ಅರ್ಧ ಸೀಟು ದುಬಾರಿ ಟಿಕೆಟ್ಟಿನವರಿಗೆ ಹೋದರೆ, ನಿಮ್ಮ ಸಾಲಿಗೆ ಗಂಟೆಗೆ 180 ಸೀಟು ಮಾತ್ರ. ಕಾಯೋದು ಎರಡು ಗಂಟೆ. ಸೀಟು ಹೆಚ್ಚಾಗಿಲ್ಲ. ನಿಮ್ಮ ಸಮಯವನ್ನು ತೆಗೆದು ಇನ್ನೊಬ್ಬರಿಗೆ ಮಾರಲಾಗಿದೆ, ಆ ದುಡ್ಡಲ್ಲಿ ನಿಮಗೆ ಪಾಲಿಲ್ಲ.

ಇದಕ್ಕೆ ನಮ್ಮ ಹತ್ತಿರ ಇರುವ ಉಪಾಯ ಇಷ್ಟೇ: ಗೇಟು ತೆಗೆಯುವ ಮೊದಲೇ ಹೋಗಿ ನಿಲ್ಲಿ, ಮೊದಲ ಒಂದು ಗಂಟೆಯಲ್ಲಿ ದೊಡ್ಡ ರೈಡುಗಳನ್ನು ಮುಗಿಸಿ, ಎಲ್ಲರೂ ಊಟಕ್ಕೆ ಹೋದಾಗ ನೀವು ಸಾಲಿನಲ್ಲಿರಿ, ಎರಡೂವರೆಗೆ ಊಟ ಮಾಡಿ, ಈಜುಕೊಳಕ್ಕೆ ಸಾಲಿಲ್ಲ, ಅದನ್ನು ಕೊನೆಗಿಡಿ.

ಬಿಡುವು ಯಾರ ಹಕ್ಕು?

ನಮ್ಮ ಸಂವಿಧಾನದ 43ನೇ ವಿಧಿ ಕಾರ್ಮಿಕರಿಗೆ ಜೀವನ ನಿರ್ವಹಣೆಗೆ ಸಾಕಾಗುವ ಕೂಲಿಯ ಜೊತೆಗೆ ಬಿಡುವನ್ನು ಪೂರ್ಣವಾಗಿ ಅನುಭವಿಸುವ ಅವಕಾಶವನ್ನೂ ಒದಗಿಸಲು ಪ್ರಯತ್ನಿಸಬೇಕು ಅಂತ ಸರ್ಕಾರಕ್ಕೆ ಹೇಳುತ್ತೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟ, ಬಿಡುವನ್ನು ಮಗುವಿನ ಹಕ್ಕು ಎನ್ನುತ್ತೆ. 1992ರಲ್ಲಿ ಭಾರತ ಅದನ್ನು ಒಪ್ಪಿಕೊಂಡಿದೆ. ಕೇಂದ್ರ ಸರ್ಕಾರಿ ನೌಕರರಿಗೆ ನಾಲ್ಕು ವರ್ಷಕ್ಕೊಮ್ಮೆ ದೇಶದ ಯಾವ ಮೂಲೆಗಾದರೂ ಕುಟುಂಬ ಸಮೇತ ಹೋಗಿ ಬರಲು ಪ್ರಯಾಣದ ಖರ್ಚು ಸಿಗುತ್ತೆ. ಸಿಗಲಿ, ಅದು ಸರಿಯಾದದ್ದೇ. ಅಕ್ಕನಿಗೆ ಯಾಕಿಲ್ಲ ಅನ್ನೋದು ನನ್ನ ಪ್ರಶ್ನೆ.

ಇದು ಆಗದ ಮಾತೇನಲ್ಲ. 1936ರಲ್ಲಿ ಫ್ರಾನ್ಸಿನಲ್ಲಿ ಕಾರ್ಮಿಕರ ದೊಡ್ಡ ಮುಷ್ಕರದ ನಂತರ ಎಡಪಂಥೀಯ ಒಕ್ಕೂಟದ ಸರ್ಕಾರ ಎರಡು ವಾರ ಸಂಬಳ ಸಹಿತ ರಜೆ ಕೊಟ್ಟಿತು. ರಜೆ ಕೊಟ್ಟು ಸುಮ್ಮನಾಗಲಿಲ್ಲ, ರಜೆಗೆ ಹೊರಟವರಿಗೆ ರೈಲು ಟಿಕೆಟ್ಟಿನಲ್ಲಿ ಶೇ. 40 ರಿಯಾಯಿತಿಯನ್ನೂ ತಂದಿತು.

ನಮ್ಮಲ್ಲಿ ಅರ್ಧ ಕೆಲಸ ಶಕ್ತಿ ಯೋಜನೆ ಮಾಡಿದೆ. ಇನ್ನರ್ಧಕ್ಕೆ ಕಾರ್ಮಿಕ ಕಲ್ಯಾಣ ಮಂಡಳಿ ಇದೆ. ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಆ ಮಂಡಳಿ, ವರ್ಷಕ್ಕೊಂದು ದಿನ ಆ ಕುಟುಂಬಕ್ಕೆ ಪ್ರವಾಸದ ನೆರವು ಕೊಡಬಹುದು. ಹಾಜರಾತಿ ಬೋನಸ್ ಹೆಸರಲ್ಲಿ ರಜೆಗೆ ದಂಡ ಹಾಕುವುದನ್ನು ನಿಲ್ಲಿಸಬಹುದು. ನಮ್ಮ ಸರ್ಕಾರಗಳ ಗಮನ ಬೇರೆ ಕಡೆಗಿದೆ. ಕೆಆರ್‌ಎಸ್‌ನ ಬೃಂದಾವನವನ್ನು ಡಿಸ್ನಿಲ್ಯಾಂಡ್ ಮಾದರಿಯಲ್ಲಿ ಬೆಳೆಸುವ ಮಾತು 2018ರಲ್ಲೇ ಬಂತು. ಸರ್ಕಾರ ಬದಲಾದರೂ ಆಸೆ ಬದಲಾಗಲಿಲ್ಲ, ಈಗ ಖಾಸಗಿ ಸಹಭಾಗಿತ್ವದ ಯೋಜನೆ ಇದೆ. ಮಂಡ್ಯದ ರೈತ ಸಂಘಟನೆಗಳು ವಿರೋಧಿಸುತ್ತಿವೆ. ಅದರ ಜೊತೆ ಕೇಳಬೇಕಾದ ಇನ್ನೊಂದು ಪ್ರಶ್ನೆ: ತಲೆಮಾರುಗಳಿಂದ ಕಡಿಮೆ ದುಡ್ಡಲ್ಲಿ ಜನ ನೋಡುತ್ತಿರುವ ಕಾರಂಜಿಗೆ ನಾಳೆ ಗೇಟಿನಲ್ಲಿ ಎಷ್ಟು?

138 ಸೆಂಟಿಮೀಟರ್

ನಾವು ಹೋದ ಪಾರ್ಕಿನಲ್ಲಿ 140 ಸೆಂಟಿಮೀಟರ್ ದಾಟಿದರೆ ಮಕ್ಕಳಿಗೂ ದೊಡ್ಡವರ ಟಿಕೆಟ್. ವ್ಯತ್ಯಾಸ 300 ರೂಪಾಯಿ. ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆದಾಗ ಅಕ್ಕನ ಮಗ 139 ಇದ್ದ. ಈ ಮಾತುಕತೆಯನ್ನೆಲ್ಲ ಅವನು ಕೇಳಿಸಿಕೊಂಡಿದ್ದ. ಗೇಟಿನಲ್ಲಿ ಬೇರೆ ಮಕ್ಕಳು ದೊಡ್ಡ ರೈಡಿಗೆ ಬಿಡಲಿ ಅಂತ ಹಿಮ್ಮಡಿ ಎತ್ತಿ ನಿಲ್ಲುತ್ತಿದ್ದರು. ಇವನು ಹೆಗಲು ಕುಗ್ಗಿಸಿ, ಮಂಡಿ ಸ್ವಲ್ಪ ಬಗ್ಗಿಸಿ ನಿಂತ. 138 ಅಂತ ಬಂತು. ಅಕ್ಕ ಉಸಿರು ಬಿಟ್ಟಳು. ಎಲ್ಲಕ್ಕಿಂತ ದೊಡ್ಡ ರೈಡಿನ ಹತ್ತಿರ ಹೋದಾಗ ಗೊತ್ತಾಯ್ತು, ಅದಕ್ಕೆ ಕನಿಷ್ಠ ಎತ್ತರ 140. ಅವನು ಗಲಾಟೆ ಮಾಡಲಿಲ್ಲ. ಬೇಲಿ ಹಿಡಿದು ಮೂರು ಸುತ್ತು ನೋಡಿದ.

ವಾಪಸ್ ಬಸ್ಸಿನಲ್ಲಿ ತಂಗಿ ಅಜ್ಜಿಯ ತೊಡೆ ಮೇಲೆ ಮಲಗಿದ್ದಳು. ಅವನು ಮೆಲ್ಲಗೆ ಕೇಳಿದ: "ಮಾಮ, ಮುಂದಿನ ವರ್ಷ ನಾನು 140 ಆಗಿರ್ತೀನಿ ಅಲ್ವಾ?"

ಮುಂದಿನ ಸೀಟಿನಿಂದ ಅಕ್ಕ ತಿರುಗಿ ನೋಡಿ, "ಆಗ್ಲಿ ಬಿಡು, ಮುಂದಿನ ಚೀಟಿ ಸ್ವಲ್ಪ ದೊಡ್ಡದೇ ಹಾಕ್ತೀನಿ" ಅಂದಳು.