ಮೆಣಸಿನ ಹೂವಿಗೆ ಬಂದ ಕಪ್ಪು ನುಸಿ

ಶಹಾಪುರ, ಸುರಪುರ ಸೀಮೆಯ ಮೆಣಸಿನಕಾಯಿ ಬೆಳೆಗಾರರಿಗೆ ನುಸಿ ಹಳೆಯ ವೈರಿ. ಎಲೆಯಂಚು ಮೇಲಕ್ಕೆ ಮಡಚಿ ದೋಣಿಯಂತಾದರೆ ಮುಟುರು ಬಂತೆಂದು ಎಣ್ಣಿ ಹೊಡೆಯುತ್ತಾರೆ. ಆದರೆ 2021ರ ಕೊನೆಗೆ ಆಂಧ್ರ, ತೆಲಂಗಾಣದಲ್ಲೂ ನಮ್ಮ ಕಲ್ಯಾಣ ಕರ್ನಾಟಕದಲ್ಲೂ ಕಾಣಿಸಿಕೊಂಡ ನುಸಿಯ ನಡೆಯೇ ಬೇರೆ. ಮೈಬಣ್ಣ ಕಪ್ಪು, ಬೀಡು ಹೂವಿನೊಳಗೆ. ಹೂ ಒಣಗಿ ಉದುರಿತು, ಕಾಯಿ ಕಟ್ಟಲಿಲ್ಲ. ಎಣ್ಣಿ ಮೇಲೆ ಎಣ್ಣಿ ಹೊಡೆದರೂ ಹತೋಟಿಗೆ ಬರಲಿಲ್ಲ.

ಇದು ಯಾವ ಕೀಟ? ಹೊಲದ ಬದುವಿನಲ್ಲಿ ನಿಂತು ಹೇಳುವುದು ಕಷ್ಟ. ಥ್ರಿಪ್ಸ್ ಎಂಬ ಈ ಗುಂಪಿನಲ್ಲಿ ಜಗತ್ತಿನಾದ್ಯಂತ 6,000ಕ್ಕೂ ಹೆಚ್ಚು, ಭಾರತದಲ್ಲೇ 700ಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ಬಹಳಷ್ಟು ಒಂದೆರಡು ಮಿಲಿಮೀಟರ್ ಉದ್ದದವು. ಎಡಗಡೆಯ ದವಡೆ ಮಾತ್ರ ಬೆಳೆದ ವಿಚಿತ್ರ ಬಾಯಿ ಎಲ್ಲಕ್ಕೂ ಇದೆ. ಬಣ್ಣವನ್ನೂ ನಂಬುವಂತಿಲ್ಲ, ಈ ‘ಕಪ್ಪು’ ನುಸಿಯ ಗಂಡು ಹಳದಿ. ಅದಕ್ಕೇ ಕೀಟವನ್ನು ಗಾಜಿನ ಸ್ಲೈಡಿನಲ್ಲಿ ಕೂರಿಸಿ, ಸೂಕ್ಷ್ಮದರ್ಶಕದಡಿ ಗೆಣ್ಣು, ರೋಮ ಎಣಿಸಬೇಕು. ಮೀಸೆಗೆ ಏಳು ಗೆಣ್ಣಿವೆಯೇ? ಕಂದು ಮುಂರೆಕ್ಕೆಯ ಬುಡ ತಿಳಿಯಾಗಿದೆಯೇ? ಹೊಟ್ಟೆಯಡಿಯ ಮೂರರಿಂದ ಆರನೆಯ ಫಲಕಗಳ ನಡುಭಾಗದಲ್ಲಿ ರೋಮವಿದ್ದು, ಏಳನೆಯದರಲ್ಲಿ ಇಲ್ಲವೇ?

ಎಣಿಸಿದ್ದು ಯಾರ ಗುರುತು ಎಂದು ತಿಳಿಯಲು ಹಳೆಯ ಗ್ರಂಥ, ಪತ್ರಿಕೆಗಳ ಮೊರೆ ಹೋಗಲೇಬೇಕು. ಥಾಯ್ಲೆಂಡಿನಲ್ಲಿ ಸಿಕ್ಕ ಈ ನುಸಿಯನ್ನು ಆಸ್ಟ್ರಿಯಾದ ಕೀಟತಜ್ಞ ಕಾರ್ನಿ 1922ರಲ್ಲೇ ವರ್ಣಿಸಿ ‘ಪಾರ್ವಿಸ್ಪೈನಸ್’ ಎಂದು ಹೆಸರಿಟ್ಟಿದ್ದ. 1936ರಲ್ಲಿ ತೈವಾನಿನಲ್ಲಿ ಅದೇ ಕೀಟಕ್ಕೆ ‘ತೈವಾನಸ್’ ಎಂಬ ಎರಡನೆಯ ಹೆಸರು ಬಿತ್ತು. ಅದು ಗ್ರೀಸಿನಲ್ಲಿ ಕಾಣಿಸಿಕೊಂಡ ಮೇಲೆ, 2000ದಲ್ಲಿ, ಮೌಂಡ್ ಮತ್ತು ಕಾಲಿನ್ಸ್ ಈ ಗೋಜಲು ಬಿಡಿಸಿದರು. 2015ರಲ್ಲಿ ಬೆಂಗಳೂರಿನ ಪಪ್ಪಾಯಿ ಗಿಡಗಳಲ್ಲಿ ಇದು ಸಿಕ್ಕಿದ್ದು ಭಾರತದ ಮೊದಲ ದಾಖಲೆಯಾಗಿ ಪ್ರಕಟವಾಯಿತು. ಮೆಣಸಿನ ಹೊಲಗಳಿಗೆ ಪಿಡುಗು ಬೀಳುವ ಆರು ವರ್ಷ ಮೊದಲೇ ಹೆಸರು, ಗುರುತು ಎರಡೂ ಸಿದ್ಧವಾಗಿದ್ದವು. ಪಪ್ಪಾಯಿಯ ಮೇಲೆ ಯಾವುದೋ ನುಸಿ ಎಂದು ಅಂದು ಬಿಟ್ಟಿದ್ದರೆ, 2021ರಲ್ಲಿ ತಜ್ಞರು ಮೊದಲಿನಿಂದ ಹುಡುಕಬೇಕಿತ್ತು. ಅಂಥ ಪುಟ್ಟ ಪ್ರಬಂಧಗಳನ್ನು ನಾವು ಕಡೆಗಣಿಸುವುದು ನನಗೆ ಬಹಳ ನೋವಿನ ಸಂಗತಿ.

ಹೆಸರು ಸಿಕ್ಕರೆ ಅದರ ಕೆಳಗೆ ಬರೆದದ್ದೆಲ್ಲ ಸಿಗುತ್ತದೆ: ಇಂಡೋನೇಷ್ಯಾದ ಮೆಣಸಿನ ತೋಟಗಳ ಅನುಭವ, ಹಲವು ಬೆಳೆಗಳ ಮೇಲೆ ಬದುಕುವ ಬಗೆ, ಕೋಶಾವಸ್ಥೆಯನ್ನು ಮಣ್ಣಿನಲ್ಲಿ ಕಳೆಯುವ ರೂಢಿ. ಎಲೆಗೆ ಹೊಡೆದ ಎಣ್ಣಿ ಮಣ್ಣಿನಲ್ಲಿರುವ ಕೋಶಕ್ಕೆ ತಾಗುವುದಿಲ್ಲ. ನಮ್ಮ ಹಳೆಯ ಮುಟುರಿನ ನುಸಿ ಬೇರೆಯೇ ಪ್ರಭೇದ. ಕೊಯಮತ್ತೂರಿನ ಮಾದರಿಗಳನ್ನು ನೋಡಿ 1919ರಲ್ಲಿ ಅಮೆರಿಕದ ಹುಡ್ ಅದನ್ನು ವರ್ಣಿಸಿದ.

ಹೆಸರುಗಳು ಬದಲಾಗುವುದೂ ಉಂಟು. ತೊಗರಿಯ ಕಾಯಿಕೊರಕ ಹಳೆಯ ವರದಿಗಳಲ್ಲಿ ‘ಹೀಲಿಯೋಥಿಸ್’. 1965ರಲ್ಲಿ ಹಾರ್ಡ್‌ವಿಕ್ ಅದನ್ನು ‘ಹೆಲಿಕೋವರ್ಪ’ ಎಂಬ ಕುಲಕ್ಕೆ ಸೇರಿಸಿದ. ಭೀಮರಾಯನಗುಡಿಯ ಕೃಷಿ ಕಾಲೇಜಿನ ವಿದ್ಯಾರ್ಥಿ ಹೊಸ ಹೆಸರನ್ನಷ್ಟೇ ಹುಡುಕಿದರೆ ಹಿಂದಿನ ಎಷ್ಟೋ ವರ್ಷಗಳ ಕೆಲಸ ಕಣ್ಣಿಗೇ ಬೀಳದು. ಎಲ್ಲ ಹೆಸರುಗಳನ್ನೂ ಒಂದೆಡೆ ಕೂಡಿಸುವ ಸೂಚಿಪಟ್ಟಿ ಅದಕ್ಕಾಗಿಯೇ ಬೇಕು.

ಹೊಲದಲ್ಲಿ ಅಪರಿಚಿತ ನುಸಿ ಕಂಡರೆ ಹೂವಿನ ಸಮೇತ ಸ್ಪಿರಿಟ್ ತುಂಬಿದ ಸಣ್ಣ ಶೀಶೆಗೆ ಹಾಕಿ, ಕಾಲೇಜಿನ ಕೀಟಶಾಸ್ತ್ರ ವಿಭಾಗಕ್ಕೆ ಮುಟ್ಟಿಸಿ. ಊರು, ಬೆಳೆ, ದಿನಾಂಕವನ್ನು ಪೆನ್ಸಿಲ್ಲಿನಲ್ಲೇ ಬರೆದು ಚೀಟಿಯನ್ನು ಶೀಶೆಯೊಳಗೇ ಇಡಿ. ಪೆನ್ನಿನ ಶಾಯಿ ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ.