ನಾಯಿ ಕಣ್ಣಿಗೆ ‘ಹೂವು’ ಬೀಳುವ ಮುನ್ನ

ಮೂಡಿಗೆರೆ: ಚಿಕ್ಕಮಗಳೂರಿನಿಂದ ಮೂಡಿಗೆರೆ, ಅಲ್ಲಿಂದ ಕಳಸದವರೆಗೆ ಬಸ್ಸಿನ ಕಿಟಕಿಯಲ್ಲಿ ನೋಡುತ್ತಾ ಹೋದರೆ ನಾಯಿ ಇಲ್ಲದ ತೋಟದ ಗೇಟು ಸಿಗುವುದು ಕಷ್ಟ. ಮೆಣಸು ಕಳ್ಳರಿಗೆ ಬೊಗಳಲು ಅದು ಬೇಕು, ಹಂದಿ ಬಂದ ಸುಳಿವು ಕೊಡಲೂ ಅದೇ ಬೇಕು. 1980ರಲ್ಲಿ ಬಂದ ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗಂತೂ ‘ಕಿವಿ’ ಎಂಬ ನಾಯಿಯ ಪರಿಚಯ ಮಾಡಿಕೊಡಬೇಕಿಲ್ಲ.

ಇಷ್ಟೆಲ್ಲ ಬೇಕಾದ ನಾಯಿ ಒಂದು ಬೆಳಿಗ್ಗೆ ಕಣ್ಣು ಕಿರಿದು ಮಾಡಿಕೊಂಡು, ನೀರು ಸುರಿಸುತ್ತಾ ಜಗಲಿ ಮುಂದೆ ಬಂದು ನಿಂತರೆ? “ನಾಯಿ ಕಣ್ಣಲ್ವಾ, ತಾನೇ ಸರಿ ಹೋಗುತ್ತೆ ಬಿಡು” ಎನ್ನುವವರೇ ಜಾಸ್ತಿ. ಹಲವು ಸಲ ಸರಿ ಹೋಗುತ್ತದೆ, ನಿಜ. ಹೋಗದಿದ್ದರೆ ಮಾತ್ರ ಕೆಲವೇ ದಿನಗಳಲ್ಲಿ ಕಪ್ಪು ಗುಡ್ಡೆಯ ಮೇಲೆ ಬೆಳ್ಳಗಾಗಿ ‘ಹೂವು ಬಿತ್ತು’ ಎನ್ನಿಸಿಕೊಳ್ಳುತ್ತದೆ. ಆಮೇಲೆ ಕಳ್ಳ ಆ ಕಡೆಯಿಂದಲೇ ಬರಬಹುದು!

ಕಾರಣ ಒಂದೆರಡಲ್ಲ

ಪೇಟೆ ನಾಯಿಗೆ ಧೂಳಿನ ಕಾಟ. ತೋಟದ ನಾಯಿಗೆ ನೂರೆಂಟು. ಲಂಟಾನ ಪೊದೆಗೆ ನುಗ್ಗಿದರೆ ಮುಳ್ಳು ಗೀರುತ್ತದೆ, ಬೆಕ್ಕು ಪರಚುತ್ತದೆ, ರೆಪ್ಪೆಯಂಚಿಗೆ ಉಣುಗು ಕಚ್ಚಿ ಕೂರುತ್ತದೆ. ಮಳೆಗಾಲದಲ್ಲಿ ಇಂಬಳ ಕಣ್ಣಿನ ಮೂಲೆಗೇ ಹತ್ತುವುದುಂಟು. ಕಾಲಿಗೆ ಹತ್ತಿದ ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಹಚ್ಚುವ ಉಪಾಯ ಕಾಲಿಗೇ ಇರಲಿ, ಕಣ್ಣಿನ ಹತ್ತಿರ ಬೇಡ.

ಎಲ್ಲಕ್ಕಿಂತ ಕೆಟ್ಟದ್ದು ಬೋರ್ಡೋ ದ್ರಾವಣ. ಕಾಫಿ, ಮೆಣಸಿಗೆ ಹೊಡೆಯುವ ಈ ಔಷಧಿಯಲ್ಲಿರುವುದು ಮೈಲುತುತ್ತ ಮತ್ತು ಸುಣ್ಣ. ಡ್ರಮ್ಮಿನ ಪಕ್ಕ ಸುಳಿದಾಡುವ ನಾಯಿಯ ಕಣ್ಣಿಗೆ ಸುಣ್ಣ ಸಿಡಿದರೆ ಒಳಗೊಳಗೇ ಸುಡುತ್ತದೆ. ಆಗ ಬೇರೆ ಮದ್ದು ಹುಡುಕುತ್ತಾ ಕೂರದೆ ಹದಿನೈದು-ಇಪ್ಪತ್ತು ನಿಮಿಷ ಧಾರೆಯಾಗಿ ನೀರು ಬಿಡಬೇಕು. ಆಮೇಲೆ ನೇರ ಆಸ್ಪತ್ರೆ.

ಮನೆಯಲ್ಲಿ ಮಾಡುವುದಿಷ್ಟೇ

ಬರೀ ತಿಳಿನೀರು ಸುರಿಯುತ್ತಿದ್ದು, ನಾಯಿ ಕಣ್ಣು ಬಿಡುತ್ತಿದ್ದರೆ ಒಂದು ದಿನ ಕಾಯಬಹುದು. ಅರ್ಧ ಲೀಟರ್ ನೀರು ಕುದಿಸಿ, ಟೀ ಚಮಚಕ್ಕೆ ಕೊಂಚ ಕಮ್ಮಿ ಉಪ್ಪು ಹಾಕಿ, ಪೂರಾ ಆರಿಸಿ, ಹತ್ತಿಯಲ್ಲಿ ಅದ್ದಿ ಗೀಜು ಒರೆಸಬೇಕು. ಒಂದು ಕಣ್ಣಿಗೆ ಬಳಸಿದ ಹತ್ತಿ ಇನ್ನೊಂದಕ್ಕೆ ಬೇಡ. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚೀತು, ಎಚ್ಚರ.

ಮುಖದ ಉಣುಗನ್ನು ಚಿಮಟದಲ್ಲಿ ಬುಡಕ್ಕೆ ಹಿಡಿದು ನೇರ ಎಳೆಯಬೇಕು. ರೆಪ್ಪೆಯಂಚಿನದ್ದಾದರೆ ಡಾಕ್ಟರಿಗೇ ಬಿಡುವುದು ಲೇಸು. ಬರಿಗೈಯಲ್ಲಿ ಹಿಸುಕುವ ಚಾಳಿಯಂತೂ ಬೇಡ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ. ಈ ಜಿಲ್ಲೆಯ ಕೊಪ್ಪ, ನರಸಿಂಹರಾಜಪುರದ ಕಡೆಗೂ ಅದು ಬಂದಿದೆ.

ಕಪಾಟಿನ ಡ್ರಾಪ್ಸ್ ಬೇಡ

ಎಲೆಅಡಿಕೆ, ಹೊಗೆಸೊಪ್ಪು ಅಗಿದು ಕಣ್ಣಿಗೆ ಉಗಿಯುವ ಹಳೇ ಪದ್ಧತಿ ಗಾಯವನ್ನು ಕೆರಳಿಸುತ್ತದೆ, ಅಷ್ಟೆ. ಅದಕ್ಕಿಂತ ಮೋಸದ್ದು, ಅಜ್ಜನಿಗೆ ತಂದು ಮಿಕ್ಕ ಕಣ್ಣಿನ ಡ್ರಾಪ್ಸ್. ಎಷ್ಟೋ ಡ್ರಾಪ್ಸ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದು ಹಾಕಿದ ಕೂಡಲೇ ಕೆಂಪು ಇಳಿಯುತ್ತದೆ, ಮನೆಯವರು ಖುಷಿಯಾಗುತ್ತಾರೆ. ಆದರೆ ಗುಡ್ಡೆಯ ಮೇಲೆ ಗೀರು ಇದ್ದರೆ ಅದು ಮಾಯುವ ಬದಲು ಆಳವಾಗಿ, ಕಣ್ಣೇ ತೂತಾಗಬಹುದು. ಡಾಕ್ಟರು ಮೊದಲು ಒಂದು ಬಣ್ಣದ ಹನಿ ಹಾಕಿ ನೋಡುವುದು ಇದಕ್ಕೇ. ಗೀರು ಇದ್ದ ಜಾಗ ಹಸಿರಾಗಿ ಹೊಳೆಯುತ್ತದೆ.

ಪಗ್ ಸಾಕಿದವರಿಗೆ

2003ರ ಹಚ್ ಮೊಬೈಲ್ ಜಾಹೀರಾತಿನ ನಂತರ ಪಗ್ ನಾಯಿಗೆ ಎಲ್ಲೆಡೆ ಬೇಡಿಕೆ ಬಂತು. ಚಪ್ಪಟೆ ಮುಖ, ಉಬ್ಬುಗಣ್ಣು. ಏನು ತಗುಲಿದರೂ ಮೊದಲ ಏಟು ಕಣ್ಣಿಗೇ. ಮರಿನಾಯಿಯ ಕಣ್ಣಿನ ಮೂಲೆಯಲ್ಲಿ ಮಾಗಿದ ಕಾಫಿ ಹಣ್ಣಿನಂಥ ಗಂಟು ಕಂಡರೆ ಅದು ದುರ್ಮಾಂಸವಲ್ಲ, ಜಾರಿ ಹೊರಬಂದ ಕಣ್ಣೀರಿನ ಗ್ರಂಥಿ. ಕತ್ತರಿಸಿ ಎಸೆದರೆ ಮುಂದೆ ಕಣ್ಣು ಒಣಗುವ ಭಯ. ಡಾಕ್ಟರು ಅದನ್ನು ಒಳಕ್ಕೆ ಕೂರಿಸಿ ಹೊಲಿಗೆ ಹಾಕುತ್ತಾರೆ.

ಕಣ್ಣು ಬಿಡಲಾಗದಿದ್ದರೆ, ಗೀಜು ಹಳದಿ-ಹಸಿರಾದರೆ, ಗುಡ್ಡೆ ನೀಲಿ-ಬಿಳಿಯಾದರೆ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಬೇಕು. ಕಳಸದವರಿಗೆ ಚಿಕ್ಕಮಗಳೂರು ಸುಮಾರು 90 ಕಿ.ಮೀ.; ಹೊರಡುವ ಮುಂಚೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಡಾಕ್ಟರಿದ್ದಾರೆಯೇ ಎಂದು ಫೋನಿನಲ್ಲಿ ಕೇಳಿಕೊಳ್ಳುವುದು ಜಾಣತನ. ಆಪರೇಷನ್ ಬೇಕಾಗುವಂಥ ಕೇಸಾದರೆ ಹಾಸನ, ಶಿವಮೊಗ್ಗಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ.

ಖರ್ಚಿಲ್ಲದ ಕೆಲಸವೂ ಒಂದಿದೆ. ಸಂಜೆ ಬಸ್ಸಿಳಿದು ಮನೆ ಸೇರಿದಾಗ ಬಾಲ ಅಲ್ಲಾಡಿಸುತ್ತಾ ಬರುವ ನಾಯಿಯ ಮುಖವನ್ನು ಬೆಳಕಿಗೆ ಹಿಡಿದು ನೋಡುವುದು. ಎರಡು ಕಣ್ಣೂ ಒಂದೇ ಸಮ ತೆರೆದಿದ್ದರೆ ಆ ರಾತ್ರಿ ತೋಟದ ಕಾವಲಿಗೆ ಮೋಸವಿಲ್ಲ.