ಹಾರಾಟ ನಿಂತರೂ ಡ್ಯೂಟಿ ಬಿಡದವರು

ಅಮೆರಿಕದ ಮಧ್ಯಭಾಗದಲ್ಲಿರುವ ಕ್ಯಾನ್ಸಸ್ ಸಿಟಿಯ ಹತ್ತಿರ ಮಿಸೌರಿ ನದಿ ಒಂದು ದೊಡ್ಡ ಸುತ್ತು ಹಾಕುತ್ತದೆ. ಆ ಸುತ್ತಿನ ಒಳಮಗ್ಗುಲಲ್ಲಿ ಹಳೆಯದೊಂದು ವಿಮಾನ ನಿಲ್ದಾಣವಿದೆ. ಆಚೆ ದಡದಲ್ಲಿ ಪೇಟೆಯ ಎತ್ತರದ ಕಟ್ಟಡಗಳು ಎಷ್ಟು ಹತ್ತಿರ ನಿಂತಿವೆಯೆಂದರೆ, ಇಳಿಯುವ ವಿಮಾನ ಅವುಗಳ ಕಿಟಕಿ ಸವರಿಕೊಂಡೇ ಹೋಗುತ್ತದೇನೋ ಅನಿಸುತ್ತದೆ. 1927ರ ಆಗಸ್ಟ್‌ನಲ್ಲಿ ಈ ನಿಲ್ದಾಣವನ್ನು ಉದ್ಘಾಟಿಸಿದವರು, ಅದೇ ವರ್ಷ ಒಬ್ಬರೇ ಅಟ್ಲಾಂಟಿಕ್ ದಾಟಿ ಜಗತ್ತಿನ ಮನೆಮಾತಾಗಿದ್ದ ಚಾರ್ಲ್ಸ್ ಲಿಂಡ್‌ಬರ್ಗ್. 1972ರಲ್ಲಿ ದೊಡ್ಡ ವಿಮಾನ ಕಂಪನಿಗಳೆಲ್ಲ ಊರಾಚೆಯ ಹೊಸ ನಿಲ್ದಾಣಕ್ಕೆ ಹೋದವು. ಈಗ ಇಲ್ಲಿ ಇಳಿಯುವುದು ಹೆಚ್ಚಾಗಿ ಖಾಸಗಿ ವಿಮಾನಗಳು.

ಈ ನಿಲ್ದಾಣದ ಅಂಚಿನ ರಿಚರ್ಡ್ಸ್ ರಸ್ತೆಯ 10ನೇ ನಂಬರಿನ ಕಟ್ಟಡ 1931ರದ್ದು. ಟ್ರಾನ್ಸ್ ವರ್ಲ್ಡ್ ಏರ್‌ಲೈನ್ಸ್, ಅಂದರೆ ಟಿಡಬ್ಲ್ಯುಎ ಕಂಪನಿಯ ಮೊದಲ ಕೇಂದ್ರ ಕಚೇರಿ ಇಲ್ಲಿತ್ತು. ಎಂಜಿನ್ ಬಿಚ್ಚಿ ಜೋಡಿಸುವ ಓವರ್‌ಹಾಲ್ ಕೆಲಸವೂ ಇಲ್ಲೇ ನಡೆಯುತ್ತಿತ್ತು. ಕಂಪನಿ 2001ರಲ್ಲಿ ಕಣ್ಮರೆಯಾಯಿತು. ಅದರ ನೌಕರರು ಮಾತ್ರ ಕಟ್ಟಡಕ್ಕೆ ಮರಳಿ ಬಂದರು. ಅವರು ಕಟ್ಟಿಕೊಂಡದ್ದೇ ಇವತ್ತಿನ ಟಿಡಬ್ಲ್ಯುಎ ಮ್ಯೂಸಿಯಂ. ಇಲ್ಲಿ ಟಿಕೆಟ್ ಕೊಡುವವರು, ವಿಮಾನದ ಮಾದರಿಗಳ ಧೂಳು ಒರೆಸುವವರು, ಬಂದವರಿಗೆ ಸುತ್ತು ತೋರಿಸುವವರು ಹೆಚ್ಚಾಗಿ ಅದೇ ಕಂಪನಿಯ ನಿವೃತ್ತರು. ಯಾರೋ ಗಗನಸಖಿಯಾಗಿದ್ದವರು, ಯಾರೋ ಪೈಲಟ್, ಯಾರೋ ಮೆಕ್ಯಾನಿಕ್. ಈ ಕೆಲಸಕ್ಕೆ ಅವರು ಸಂಬಳ ತೆಗೆದುಕೊಳ್ಳುವುದಿಲ್ಲ.

ಹಗಲು ವಿಮಾನ, ರಾತ್ರಿ ರೈಲು

ಟಿಡಬ್ಲ್ಯುಎಯ ಬೇರು 1929ರಲ್ಲಿದೆ. ಅದರ ಪೂರ್ವಜ ಕಂಪನಿಗಳಲ್ಲಿ ಒಂದಾದ ಟ್ರಾನ್ಸ್‌ಕಾಂಟಿನೆಂಟಲ್ ಏರ್ ಟ್ರಾನ್ಸ್‌ಪೋರ್ಟ್ ಆ ವರ್ಷ ಜುಲೈನಲ್ಲಿ ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದಕ್ಕೆ 48 ಗಂಟೆಯ ಪ್ರಯಾಣ ಆರಂಭಿಸಿತು. ಪ್ರಯಾಣಿಕರನ್ನು ಹೊತ್ತು ರಾತ್ರಿ ಹಾರುವುದು ಆಗ ಅಪಾಯದ ಕೆಲಸ ಎನಿಸಿತ್ತು. ಹಾಗಾಗಿ ನ್ಯೂಯಾರ್ಕ್‌ನಲ್ಲಿ ಸಂಜೆ ರೈಲು ಹತ್ತಬೇಕು, ಬೆಳಗ್ಗೆ ಒಹಾಯೊದ ಕೊಲಂಬಸ್‌ನಲ್ಲಿ ಇಳಿದು ಫೋರ್ಡ್ ಕಂಪನಿಯ ಮೂರು ಎಂಜಿನ್ ವಿಮಾನ ಏರಬೇಕು. ಸಂಜೆ ಒಕ್ಲಹೋಮಾದ ವೇನೋಕಾದಲ್ಲಿ ಮತ್ತೆ ರೈಲು. ಮರುದಿನ ನ್ಯೂ ಮೆಕ್ಸಿಕೋದ ಕ್ಲೋವಿಸ್‌ನಿಂದ ಮತ್ತೆ ವಿಮಾನ. ಮಾರ್ಗ ಗುರುತಿಸಿಕೊಟ್ಟವರು ಇದೇ ಲಿಂಡ್‌ಬರ್ಗ್. ಆದ್ದರಿಂದ ಈ ದಾರಿಗೆ ‘ಲಿಂಡ್‌ಬರ್ಗ್ ಲೈನ್’ ಎಂಬ ಹೆಸರು ಬಿತ್ತು.

1930ರಲ್ಲಿ ಈ ಕಂಪನಿ ವೆಸ್ಟರ್ನ್ ಏರ್ ಎಕ್ಸ್‌ಪ್ರೆಸ್ ಜೊತೆ ಸೇರಿ ಟ್ರಾನ್ಸ್‌ಕಾಂಟಿನೆಂಟಲ್ ಅಂಡ್ ವೆಸ್ಟರ್ನ್ ಏರ್ ಆಯಿತು. ಅದರ ಮೊದಲಕ್ಷರಗಳೇ ಟಿಡಬ್ಲ್ಯುಎ. ‘ಟ್ರಾನ್ಸ್ ವರ್ಲ್ಡ್’ ಎಂಬ ಹೆಸರು ಬಂದದ್ದು ವಿದೇಶ ಹಾರಾಟ ಶುರುವಾದ ಮೇಲೆ. 1930ರ ಅಕ್ಟೋಬರ್‌ನಲ್ಲಿ ರೈಲಿನ ನೆರವಿಲ್ಲದೆ 36 ಗಂಟೆಯಲ್ಲಿ ದೇಶ ದಾಟುವ ಸೇವೆ ಬಂತು. ಪ್ರಯಾಣಿಕರು ರಾತ್ರಿ ತಂಗುತ್ತಿದ್ದ ಊರು ಕ್ಯಾನ್ಸಸ್ ಸಿಟಿ. ದೇಶದ ನಟ್ಟನಡುವಿನ ಈ ಊರು ಕಂಪನಿಯ ತವರಾದದ್ದು ಹೀಗೆ.

ಒಂದು ಅಪಘಾತ, ಒಂದು ಪತ್ರ

1931ರ ಮಾರ್ಚ್ 31ರಂದು ಇದೇ ನಿಲ್ದಾಣದಿಂದ ಲಾಸ್ ಏಂಜಲೀಸ್‌ಗೆ ಹೊರಟ ಟಿಡಬ್ಲ್ಯುಎಯ ಫೋಕರ್ ವಿಮಾನ ಕ್ಯಾನ್ಸಸ್ ರಾಜ್ಯದ ಬಜಾರ್ ಎಂಬ ಹಳ್ಳಿಯ ಹುಲ್ಲುಗಾವಲಿನಲ್ಲಿ ಬಿತ್ತು. ಸತ್ತ ಎಂಟು ಜನರಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಹೆಸರಾಂತ ಕೋಚ್ ನೂಟ್ ರಾಕ್ನಿ ಒಬ್ಬರು. ವಿಮಾನದ ರೆಕ್ಕೆ ಮರದ್ದು. ತೇವ ಹಿಡಿದು ಅಂಟು ಬಿಟ್ಟಿತ್ತು. ದೇಶವೇ ಶೋಕ ಆಚರಿಸಿತು. ಮರದ ರೆಕ್ಕೆಯ ವಿಮಾನ ಎಂದರೆ ಜನ ಹಿಂಜರಿಯತೊಡಗಿದರು.

ಟಿಡಬ್ಲ್ಯುಎಗೆ ಪೂರ್ತಿ ಲೋಹದ ವಿಮಾನ ತುರ್ತಾಗಿ ಬೇಕಾಯಿತು. ಬೋಯಿಂಗ್ ಬಳಿ ಅಂಥದ್ದು ಸಿದ್ಧವಾಗುತ್ತಿತ್ತಾದರೂ ಮೊದಲ ಕಂತೆಲ್ಲ ಎದುರಾಳಿ ಯುನೈಟೆಡ್‌ಗೆ ಮೀಸಲಾಗಿತ್ತು. 1932ರ ಆಗಸ್ಟ್ 2ರಂದು ಟಿಡಬ್ಲ್ಯುಎಯ ಜ್ಯಾಕ್ ಫ್ರೈ ಡಗ್ಲಸ್ ಕಂಪನಿಗೆ ಚುಟುಕಾದ ಪತ್ರ ಬರೆದರು. ಲೋಹದ ವಿಮಾನ ಬೇಕು, 12 ಜನರನ್ನಾದರೂ ಒಯ್ಯಬೇಕು, ನಮ್ಮ ಯಾವುದೇ ನಿಲ್ದಾಣದಿಂದ ಮೇಲೇರುವಾಗ ಒಂದು ಎಂಜಿನ್ ಕೈಕೊಟ್ಟರೂ ಹಾರಾಟ ನಿಲ್ಲಬಾರದು ಎಂಬುದು ಅದರ ಸಾರ. ಉತ್ತರವಾಗಿ ಬಂದದ್ದು ಡಿಸಿ-1. ಅದರ ಮುಂದಿನ ರೂಪ ಡಿಸಿ-2 1934ರಲ್ಲಿ ಸೇವೆಗೆ ಇಳಿಯಿತು. ಅದನ್ನೇ ಹಿಗ್ಗಿಸಿ 1935ರಲ್ಲಿ ಮಾಡಿದ್ದು ಡಿಸಿ-3. ಸೇನೆಗಾಗಿ ಕಟ್ಟಿದ್ದೂ ಸೇರಿ ಇಂಥ 10,000ಕ್ಕೂ ಹೆಚ್ಚು ವಿಮಾನಗಳು ತಯಾರಾದವು.

ಡಿಸಿ-3 ಎಂದರೆ ನಮ್ಮವರಿಗೆ ಗೊತ್ತಾಗದಿರಬಹುದು, ಡಕೋಟಾ ಎಂದರೆ ತಿಳಿಯುತ್ತದೆ. 1947ರ ಅಕ್ಟೋಬರ್‌ನಲ್ಲಿ ಭಾರತೀಯ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ್ದು ಡಕೋಟಾಗಳು. ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಹಳೆಯ ಡಕೋಟಾ ಒಂದನ್ನು ಕೊಂಡು, ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ, 2018ರಲ್ಲಿ ವಾಯುಪಡೆಗೆ ಉಡುಗೊರೆ ಕೊಟ್ಟರು. ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಹಾರಿಸಿದ್ದವರು. ಆ ವಿಮಾನಕ್ಕೆ ‘ಪರಶುರಾಮ’ ಎಂದು ಹೆಸರಿಟ್ಟರು. ಆ ಪರಶುರಾಮನ ವಂಶಾವಳಿ ಹಿಡಿದು ಹಿಂದೆ ಹಿಂದೆ ಹೋದರೆ ಕೊನೆಗೆ ಸಿಗುವುದು ಟಿಡಬ್ಲ್ಯುಎಯ ಆ ಪತ್ರ.

ಮೂರು ಬಾಲದ ಕಾನಿ

1939ರಲ್ಲಿ ಕಂಪನಿಯ ಹಿಡಿತ ಕೋಟ್ಯಧೀಶ ಹೊವಾರ್ಡ್ ಹ್ಯೂಸ್ ಕೈಗೆ ಬಂತು. ಲಾಕ್‌ಹೀಡ್ ಕಾನ್‌ಸ್ಟಲೇಶನ್ ಹುಟ್ಟಿಗೆ ಹ್ಯೂಸ್ ಮತ್ತು ಫ್ರೈ ಜೋಡಿಯ ಹಟವೇ ಕಾರಣ. ಬಿಲ್ಲಿನಂತೆ ಬಾಗಿದ ಮೈ, ಮೂರು ಬಾಲದ ಈ ವಿಮಾನವನ್ನು ಹಾರಿಸುವವರೂ ಹತ್ತುವವರೂ ‘ಕಾನಿ’ ಎಂದೇ ಕರೆದರು. 1944ರ ಏಪ್ರಿಲ್ 17ರಂದು ಇಬ್ಬರೂ ಸೇರಿ ಅದನ್ನು ಕ್ಯಾಲಿಫೋರ್ನಿಯಾದ ಬರ್‌ಬ್ಯಾಂಕ್‌ನಿಂದ ವಾಷಿಂಗ್ಟನ್‌ಗೆ 6 ಗಂಟೆ 57 ನಿಮಿಷದಲ್ಲಿ ಹಾರಿಸಿದರು. 1946ರ ಫೆಬ್ರುವರಿಯಲ್ಲಿ ಟಿಡಬ್ಲ್ಯುಎಯ ಕಾನಿ ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ ಹಾರಿತು. ಆ ದಶಕ ಮುಗಿಯುವಷ್ಟರಲ್ಲಿ ಮುಂಬಯಿಗೂ ಬರುತ್ತಿತ್ತು. ಏರ್ ಇಂಡಿಯಾ 1948ರ ಜೂನ್ 8ರಂದು ಲಂಡನ್ನಿಗೆ ಮೊದಲ ಸಲ ಹಾರಿಸಿದ ‘ಮಲಬಾರ್ ಪ್ರಿನ್ಸೆಸ್’ ಕೂಡ ಕಾನ್‌ಸ್ಟಲೇಶನ್ನೇ.

ಕಂಪನಿಯ ಚರಿತ್ರೆಯಲ್ಲಿ ಮೆರುಗಿನಷ್ಟೇ ಸಾವೂ ಇದೆ. 1950ರ ಆಗಸ್ಟ್ 31ರಂದು ಮುಂಬಯಿಯಿಂದ ಬಂದು ಕೈರೋದಿಂದ ರೋಮ್‌ಗೆ ಹೊರಟ ಕಾನಿಯ ಎಂಜಿನ್‌ಗೆ ಬೆಂಕಿ ಹತ್ತಿ 55 ಮಂದಿ ಸತ್ತರು. 1956ರ ಜೂನ್ 30ರಂದು ಲಾಸ್ ಏಂಜಲೀಸ್‌ನಿಂದ ಕ್ಯಾನ್ಸಸ್ ಸಿಟಿಗೆ ಬರುತ್ತಿದ್ದ ಕಾನಿಗೂ ಯುನೈಟೆಡ್ ವಿಮಾನಕ್ಕೂ ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಡಿಕ್ಕಿಯಾಯಿತು. ಎರಡರಲ್ಲೂ ಇದ್ದ 128 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅಮೆರಿಕದ ಆಕಾಶಕ್ಕೆಲ್ಲ ಒಂದೇ ನಿಯಂತ್ರಣ ಸಂಸ್ಥೆ 1958ರಲ್ಲಿ ರಚನೆಯಾಗಲು ಈ ದುರಂತ ದೊಡ್ಡ ಕಾರಣ.

ಜೆಟ್ ಬಂತು, ಕಾನಿಗೆ ವಯಸ್ಸಾಯಿತು. 1967ರಲ್ಲಿ ಟಿಡಬ್ಲ್ಯುಎ ತನ್ನ ಕೊನೆಯ ಕಾನಿಯನ್ನು ಬದಿಗಿಟ್ಟಿತು. ಇಪ್ಪತ್ತು ವರ್ಷ ಕಳೆಯುವ ಹೊತ್ತಿಗೆ ಕ್ಯಾನ್ಸಸ್ ಸಿಟಿಯ ಕೆಲವರಿಗೆ, ಒಂದಾದರೂ ಕಾನಿ ಊರಲ್ಲಿರಬೇಕು ಅನಿಸಿತು. ‘ಸೇವ್ ಎ ಕಾನಿ’ ಎಂದು ಸಂಘ ಕಟ್ಟಿದರು. ಅರಿಜೋನಾದಲ್ಲಿ ಬಿದ್ದಿದ್ದ ಸರಕಿನ ಕಾನಿಯೊಂದನ್ನು ತಂದು, ದುರಸ್ತಿ ಮಾಡಿ, ಹಾರಿಸಿಯೇಬಿಟ್ಟರು. ಆ ವಿಮಾನ ಟಿಡಬ್ಲ್ಯುಎಯಲ್ಲಿ ಒಂದು ದಿನವೂ ಕೆಲಸ ಮಾಡಿದ್ದಲ್ಲ. ಆದರೂ ಅದಕ್ಕೆ ಟಿಡಬ್ಲ್ಯುಎಯ ಕೆಂಪು ಬಿಳಿ ಬಣ್ಣವನ್ನೇ ಬಳಿದರು. ಅದರ ಹಿಂದಿನ ಒಡೆಯರು ಯಾರು ಎಂಬುದು ಈ ಊರಿಗೆ ಅಷ್ಟು ಮುಖ್ಯವಾಗಲಿಲ್ಲ.

ರಿಚರ್ಡ್ಸ್ ರಸ್ತೆಯ ಮ್ಯೂಸಿಯಂನಲ್ಲಿರುವ ವಿಮಾನ ಚಿಕ್ಕದು: ಲಾಕ್‌ಹೀಡ್ 12-ಎ. ಇದು ನಿಜವಾಗಿಯೂ ಟಿಡಬ್ಲ್ಯುಎಯದ್ದೇ. 1940ರ ದಶಕದಲ್ಲಿ ಕಂಪನಿ ಇದನ್ನು ಸಂಶೋಧನೆಗೆ ಬಳಸುತ್ತಿತ್ತು. ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಪಾಲ್ ರಿಕ್ಟರ್ ಅವರ ಮಗಳ ಬಳಿಯೂ ಕೆಲಕಾಲ ಇದ್ದ ವಿಮಾನ ಇದು.

ಕಾಲರ್ ಮುಚ್ಚಿದರೆ ಡ್ಯೂಟಿ ಇಲ್ಲ

ಬಂದವರು ಹೆಚ್ಚು ಹೊತ್ತು ನಿಲ್ಲುವುದು ಸಮವಸ್ತ್ರಗಳ ಮುಂದೆ. ಟಿಡಬ್ಲ್ಯುಎ ಮೊದಲ ಗಗನಸಖಿಯರನ್ನು ತೆಗೆದುಕೊಂಡದ್ದು 1935ರ ಡಿಸೆಂಬರ್‌ನಲ್ಲಿ. ಆಗ ನರ್ಸ್ ತರಬೇತಿ ಕಡ್ಡಾಯ. ಮದುವೆಯಾದರೆ ಕೆಲಸ ಹೋಯಿತು. 1944ರ ಸಮವಸ್ತ್ರದಲ್ಲಿ ಎದೆಯ ಮೇಲೆ ಕಂಪನಿಯ ಮೂರಕ್ಷರ ಕಾಣುವಂತೆ ಕತ್ತರಿಸಿದ ಒಂದು ಪಟ್ಟಿ ಇತ್ತು. ಕೆಲಸ ಮುಗಿಸಿ ಸಿಗರೇಟು ಸೇದಬೇಕೆಂದರೆ ಕಾಲರಿನ ಅಂಚನ್ನು ಅದರ ಮೇಲೆ ಎಳೆದು ಗುಂಡಿ ಹಾಕಿಕೊಳ್ಳಬೇಕು. ಅಕ್ಷರ ಮುಚ್ಚಿತೆಂದರೆ ಆಕೆ ಕಂಪನಿಯವಳಲ್ಲ.

ಮುಂದೆ ಓಲೆಗ್ ಕಸೀನಿ, ಪಿಯೆರ್ ಬಾಲ್ಮೇನ್, ವ್ಯಾಲೆಂಟಿನೊ, ರಾಲ್ಫ್ ಲಾರೆನ್‌ರಂಥ ಹೆಸರಾಂತ ವಿನ್ಯಾಸಕಾರರು ಈ ಕಂಪನಿಗೆ ಉಡುಪು ಮಾಡಿಕೊಟ್ಟರು. 1968ರಲ್ಲಂತೂ ಪ್ರಯಾಣಿಕರನ್ನು ಸೆಳೆಯಲು ಕಾಗದದ ಉಡುಪು ತೊಡಿಸಿದ್ದೂ ಉಂಟು. ಕಾಗದ ಹರಿಯುತ್ತಿತ್ತು. ಆ ಪ್ರಯೋಗ ಬಹುಕಾಲ ಬಾಳಲಿಲ್ಲ. ಗಾಜಿನ ಹಿಂದಿನ ಉಡುಪಿನಲ್ಲಿ ನೋಡುಗರಿಗೆ ಕಾಣುವುದು ಫ್ಯಾಷನ್. ಅದನ್ನು ತೊಟ್ಟು ದುಡಿದವರು ಪಕ್ಕದಲ್ಲಿ ನಿಂತು ಹೇಳಿದರೆ ಅದೇ ಉಡುಪು ತೂಕದ ನಿಯಮ, ವಯಸ್ಸಿನ ನಿಯಮ, ಮದುವೆಯ ನಿಯಮಗಳ ಕಥೆಯಾಗುತ್ತದೆ.

ಪಟ್ಟಿಯ ತಳಕ್ಕೆ

1985ರಲ್ಲಿ ಕಂಪನಿ ಹಣಹೂಡಿಕೆದಾರ ಕಾರ್ಲ್ ಐಕಾನ್ ಕೈಸೇರಿತು. ಮರುವರ್ಷ ಗಗನಸಖಿಯರು ಮುಷ್ಕರ ಹೂಡಿದರು. ಅವರ ಜಾಗಕ್ಕೆ ಹೊಸಬರು ಬಂದರು. 1992ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಮರುವರ್ಷ ನೌಕರರು ಸಂಬಳ ಕಡಿತ ಒಪ್ಪಿ ಶೇ 45ರಷ್ಟು ಷೇರು ಪಡೆದರು. ಆದರೂ 1995ರಲ್ಲಿ ಮತ್ತೆ ದಿವಾಳಿ, 2001ರಲ್ಲಿ ಮೂರನೆಯ ಸಲ. ಕೊನೆಗೆ ಅಮೆರಿಕನ್ ಏರ್‌ಲೈನ್ಸ್ ಕೊಂಡುಕೊಂಡಿತು. 2001ರ ಡಿಸೆಂಬರ್ 1ರಂದು ಬೀಳ್ಕೊಡುಗೆಯ ವಿಮಾನ ಕ್ಯಾನ್ಸಸ್ ಸಿಟಿಯಿಂದಲೇ ಸೇಂಟ್ ಲೂಯಿಸ್‌ಗೆ ಹಾರಿತು. ಹಾರಿಸಿದವರು ಕಂಪನಿಯ ಮುಖ್ಯಸ್ಥರೂ ಪೈಲಟ್ಟರೂ ಆಗಿದ್ದ ವಿಲಿಯಂ ಕಾಂಪ್ಟನ್.

ನೌಕರರ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ವಿಮಾನ ಕಂಪನಿಯಲ್ಲಿ ಸೀನಿಯಾರಿಟಿಯೇ ಎಲ್ಲ. ಯಾವ ಮಾರ್ಗ, ಯಾವ ರಜೆ, ಕೆಲಸ ಕಡಿತವಾದಾಗ ಯಾರು ಹೊರಗೆ ಎಂಬುದೆಲ್ಲ ಆ ಪಟ್ಟಿ ನೋಡಿ ನಿರ್ಧಾರ. ಸುಮಾರು 4,000 ಟಿಡಬ್ಲ್ಯುಎ ಗಗನಸಖಿಯರನ್ನು ಹೊಸ ಕಂಪನಿಯ ಪಟ್ಟಿಯ ತೀರಾ ತಳಕ್ಕೆ ಸೇರಿಸಲಾಯಿತು. ಮೂವತ್ತು ವರ್ಷ ದುಡಿದವರೂ ನಿನ್ನೆ ಬಂದವರಿಗಿಂತ ಕೆಳಗಾದರು. 2003ರ ಜುಲೈ ಹೊತ್ತಿಗೆ ಅವರೆಲ್ಲರಿಗೂ ಲೇ ಆಫ್. ಮುಂದೆ ಯಾರಿಗೂ ಹೀಗಾಗಬಾರದೆಂದು ಮಿಸೌರಿಯ ಸೆನೆಟರ್‌ಗಳಾದ ಕ್ಲೇರ್ ಮೆಕ್ಯಾಸ್ಕಿಲ್ ಮತ್ತು ಕಿಟ್ ಬಾಂಡ್, ಬೇರೆ ಬೇರೆ ಪಕ್ಷದವರಾದರೂ ಸೇರಿ ತಿದ್ದುಪಡಿ ತಂದರು. 2007ರ ಆ ಕಾನೂನಿನ ಪ್ರಕಾರ, ಎರಡು ವಿಮಾನ ಕಂಪನಿ ಒಂದಾದರೆ ನೌಕರರ ಪಟ್ಟಿಯನ್ನು ನ್ಯಾಯವಾಗಿ ಜೋಡಿಸಬೇಕು. ಟಿಡಬ್ಲ್ಯುಎಯವರಿಗೆ ಅದು ತಡವಾಗಿ ಬಂತು.

ಈ ಮ್ಯೂಸಿಯಂಗೆ ತೂಕ ಬರುವುದು ಇಲ್ಲಿಂದ. ಕೊಂಡ ಕಂಪನಿ ಬೋರ್ಡು ಇಳಿಸಿತು, ವಿಮಾನಗಳಿಗೆ ಬೇರೆ ಬಣ್ಣ ಬಳಿಯಿತು, ಪಟ್ಟಿಯಲ್ಲಿ ಇವರ ವರ್ಷಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆ ವರ್ಷಗಳಿಗೆ ಲೆಕ್ಕ ಇಡುವ ಜಾಗವನ್ನು ನೌಕರರು ತಾವೇ ಮಾಡಿಕೊಂಡರು.

ಊರಲ್ಲೂ, ಊರಾಚೆಯೂ

ಟಿಡಬ್ಲ್ಯುಎಯ ಕುರುಹುಗಳು ಊರಲ್ಲಿ ಇನ್ನೂ ಹಲವು ಕಡೆ ಇವೆ. ಪೇಟೆಯಲ್ಲಿ 1956ರಲ್ಲಿ ಕಟ್ಟಿದ ಕೇಂದ್ರ ಕಚೇರಿಯ ತಾರಸಿಯ ಮೇಲೆ ‘ಮೂನ್‌ಲೈನರ್’ ರಾಕೆಟ್ಟಿನ ಪ್ರತಿಕೃತಿ ನಿಂತಿದೆ. ಮೂಲ ರಾಕೆಟ್ ಡಿಸ್ನಿಲ್ಯಾಂಡ್‌ನಲ್ಲಿ ಟಿಡಬ್ಲ್ಯುಎಯ ಜಾಹೀರಾತಾಗಿತ್ತು. ಕಂಪನಿಯ ಕಾಗದಪತ್ರಗಳ ದೊಡ್ಡ ಸಂಗ್ರಹ ಮಿಸೌರಿ ರಾಜ್ಯ ಇತಿಹಾಸ ಸೊಸೈಟಿಯ ಕ್ಯಾನ್ಸಸ್ ಸಿಟಿ ಕೇಂದ್ರದಲ್ಲಿದೆ. ನ್ಯೂಯಾರ್ಕ್‌ನ ಕೆನಡಿ ನಿಲ್ದಾಣದಲ್ಲಿ ವಾಸ್ತುಶಿಲ್ಪಿ ಏರೊ ಸಾರಿನೆನ್ ವಿನ್ಯಾಸದ 1962ರ ಟಿಡಬ್ಲ್ಯುಎ ಟರ್ಮಿನಲ್ 2019ರಲ್ಲಿ ಟಿಡಬ್ಲ್ಯುಎ ಹೋಟೆಲ್ ಆಗಿ ತೆರೆಯಿತು. ಹೊರಗೆ ನಿಲ್ಲಿಸಿದ ಕಾನಿಯೊಳಗೆ ಬಾರ್. ಅಲ್ಲಿ ಕಾಣುವುದು ಆ ಕಾಲದ ಸೊಗಸು. ಕೆಲಸದ ಕಥೆ ಬೇಕಾದವರು ಕ್ಯಾನ್ಸಸ್ ಸಿಟಿಗೇ ಬರಬೇಕು.

ಆದರೆ ಕಥೆ ಹೇಳುವವರಿಗೆ ವಯಸ್ಸಾಗುತ್ತಿದೆ. 1967ರಲ್ಲಿ ಕೊನೆಯ ಕಾನಿ ಹಾರಿಸಿದಾಗ ಇಪ್ಪತ್ತೈದರ ಹರೆಯದಲ್ಲಿದ್ದವರಿಗೆ ಈಗ ಎಂಬತ್ತು ದಾಟಿದೆ. ಉಡುಪು, ಪಿಂಗಾಣಿ ತಟ್ಟೆಗಳನ್ನು ಗಾಜಿನ ಪೆಟ್ಟಿಗೆ ಕಾಯುತ್ತದೆ. ಎಂಜಿನ್ ಸದ್ದಿನಲ್ಲೇ ದೋಷ ಹಿಡಿಯುತ್ತಿದ್ದ ಮೆಕ್ಯಾನಿಕ್‌ನ ತಿಳಿವಳಿಕೆಯನ್ನು ಅದು ಕಾಯಲಾರದು. ಅವರ ಮಾತನ್ನು ಅವರಿರುವಾಗಲೇ ದಾಖಲಿಸಬೇಕು.

ಇದು ಬೆಂಗಳೂರಿಗೂ ಸಲ್ಲುವ ಮಾತು. 2003ರಲ್ಲಿ ಇಲ್ಲಿಂದ ಹಾರಿದ ಏರ್ ಡೆಕ್ಕನ್ ಸಾಮಾನ್ಯರನ್ನು ವಿಮಾನ ಹತ್ತಿಸಿತು. ಅದನ್ನು ಕೊಂಡ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನೆಲಕಚ್ಚಿದಾಗ ನೌಕರರು ತಿಂಗಳುಗಟ್ಟಲೆ ಸಂಬಳ ಕಾಣದೆ ಬೀದಿಗಿಳಿದಿದ್ದರು. ಮಾಲೀಕರ ಕಥೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಮೊದಲ ವಿಮಾನಕ್ಕೆ ಬಾಗಿಲು ಹಾಕಿದವರು, ಲಗೇಜು ಏರಿಸಿದವರು, ರಾತ್ರಿಯಿಡೀ ಎಂಜಿನ್ ನೋಡಿದವರು ಇನ್ನೂ ನಡುವಯಸ್ಸಿನವರು. ಅವರ ಗುರುತಿನ ಚೀಟಿ, ಲಾಗ್‌ಬುಕ್, ಉಡುಪು ಮನೆಯ ಅಟ್ಟದಲ್ಲಿರಬಹುದು. ಕ್ಯಾನ್ಸಸ್ ಸಿಟಿಯವರು ಸರ್ಕಾರಕ್ಕಾಗಲಿ ಮಾಲೀಕರಿಗಾಗಲಿ ಕಾಯದೆ ಶುರುಮಾಡಿದ ಕೆಲಸ ಇದು. ಅಟ್ಟದಿಂದ ಆ ಪೆಟ್ಟಿಗೆ ಇಳಿಸಲು ನಮ್ಮವರೂ ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಹೋಗುವವರಿಗೆ: ಮ್ಯೂಸಿಯಂ ಇರುವುದು ಪೇಟೆಗೆ ಅಂಟಿಕೊಂಡ ಚಾರ್ಲ್ಸ್ ಬಿ. ವ್ಹೀಲರ್ ಡೌನ್‌ಟೌನ್ ಏರ್‌ಪೋರ್ಟ್‌ನಲ್ಲಿ. ನೀವು ಬಂದಿಳಿಯುವುದು ಉತ್ತರಕ್ಕೆ ದೂರವಿರುವ ಕ್ಯಾನ್ಸಸ್ ಸಿಟಿ ಇಂಟರ್‌ನ್ಯಾಷನಲ್‌ನಲ್ಲಿ. ಟ್ಯಾಕ್ಸಿಯವರಿಗೆ ಹೇಳುವಾಗ ಎರಡನ್ನೂ ಬೆರೆಸಬೇಡಿ. ನಡೆಸುವವರು ಸ್ವಯಂಸೇವಕರಾದ್ದರಿಂದ ತೆರೆದಿರುವ ದಿನವನ್ನು ಮೊದಲೇ ವಿಚಾರಿಸಿಕೊಳ್ಳಿ. ಮಾತಿಗೆ ಸಾಕಷ್ಟು ಸಮಯ ಇಟ್ಟುಕೊಂಡೇ ಹೋಗಿ.